ಪಹಣಿಯಲ್ಲಿ ಹೆಸರಿದ್ದರೆ ಸಾಕಾ? ಜಮೀನಿನ ಹಕ್ಕನ್ನು ಹಂತಹಂತವಾಗಿ ಪರಿಶೀಲಿಸುವ ಬಗೆ

"ಈ ಜಮೀನು ನಿಮ್ಮದೇನಾ?" ಎಂದು ಊರ ಕಡೆ ಯಾರನ್ನಾದರೂ ಕೇಳಿ. "ಹೌದು, ಪಹಣಿಯಲ್ಲಿ ನಮ್ಮ ಹೆಸರೇ ಇದೆಯಲ್ಲ" ಎನ್ನುತ್ತಾರೆ. ಪೇಟೆಯಲ್ಲಿ ಸೈಟು ಇರುವವರು "ಖಾತೆ ನನ್ನ ಹೆಸರಿಗಿದೆ, ವರ್ಷವರ್ಷ ಕಂದಾಯ ಕಟ್ಟುತ್ತಿದ್ದೇನೆ" ಎನ್ನುತ್ತಾರೆ. ಕೃಷಿ ಜಮೀನಿನ ಕಂದಾಯ ದಾಖಲೆ ಪಹಣಿ, ಸ್ಥಳೀಯ ಸಂಸ್ಥೆಯ ತೆರಿಗೆ ಪುಸ್ತಕದಲ್ಲಿರುವ ನಮೂದು ಖಾತೆ. ಎರಡೂ ಬೇಕಾದ ದಾಖಲೆಗಳೇ. ಆದರೆ ಕಾನೂನಿನ ಕಣ್ಣಲ್ಲಿ ಎರಡೂ ಒಡೆತನದ ಪತ್ರಗಳಲ್ಲ. ಜೀವಮಾನದ ಉಳಿತಾಯ ಹಾಕಿ ಜಮೀನು ಕೊಂಡವರು ಕೋರ್ಟು ಅಲೆಯುವುದು ಬಹಳ ಸಲ ಇದೊಂದನ್ನು ತಿಳಿಯದೇ ಇದ್ದುದರಿಂದ.

ಕರ್ನಾಟಕದಲ್ಲಿ ಜಮೀನು ಕೊಳ್ಳಲು ಹೊರಟವರಿಗೆ ಈ ಬರಹ ಉಪಯೋಗಕ್ಕೆ ಬರುತ್ತದೆ. ಅಜ್ಜನ ಹೆಸರಿನಲ್ಲೇ ಉಳಿದಿರುವ ಆಸ್ತಿಯನ್ನು ಸರಿಪಡಿಸಿಕೊಳ್ಳಬೇಕು ಎನ್ನುವವರಿಗೂ ಅಷ್ಟೇ. ಅವಸರ ಮಾಡಬೇಡಿ. ಒಂದೊಂದೇ ಹಂತ ಮುಗಿಸಿ ಮುಂದೆ ಹೋಗಿ.

ಮೊದಲು ನಾಲ್ಕನ್ನು ಬೇರೆಬೇರೆ ಮಾಡಿ ನೋಡಿ

ಜಮೀನಿನ ವಿಷಯದಲ್ಲಿ ನಾಲ್ಕು ಸಂಗತಿಗಳಿವೆ. ಒಂದು, ಹಕ್ಕು. ಅಂದರೆ ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ವಿಲ್, ಮಂಜೂರಾತಿ ಅಥವಾ ವಾರಸುದಾರಿಕೆಯಿಂದ ಬರುವ ಒಡೆತನ. ಎರಡು, ಸ್ವಾಧೀನ. ಈಗ ಅಲ್ಲಿ ಉಳುತ್ತಿರುವವರು, ಬೇಲಿ ಹಾಕಿಕೊಂಡಿರುವವರು ಯಾರು ಎಂಬುದು. ಮೂರು, ದಾಖಲೆ. ಪಹಣಿ, ಖಾತೆ, ಕಂದಾಯದ ರಸೀದಿ ಇದರಲ್ಲಿ ಸೇರುತ್ತವೆ. ನಾಲ್ಕು, ಗಡಿ. ಆ ಜಮೀನು ನೆಲದ ಮೇಲೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದು.

ನಾಲ್ಕೂ ಒಬ್ಬರ ಕಡೆಗೇ ಬೆರಳು ತೋರಿಸಿದರೆ ಆಸ್ತಿ ಗಟ್ಟಿ. ಒಂದು ಬೇರೆ ಕಡೆ ತೋರಿಸಿದರೂ ಅಲ್ಲಿ ಕೆಲಸ ಬಾಕಿ ಇದೆ ಎಂದೇ ಅರ್ಥ.

ನಮ್ಮ ದೇಶದಲ್ಲಿ "ಈ ಜಮೀನು ಇವರದೇ" ಎಂದು ಸರ್ಕಾರ ಖಾತರಿ ಕೊಡುವ ಪದ್ಧತಿ ಇಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗುವುದು ಪತ್ರ. ಮಾರುವವನಿಗೆ ನಿಜಕ್ಕೂ ಹಕ್ಕಿತ್ತೇ ಎಂಬುದನ್ನು ಆ ಕಚೇರಿ ತೀರ್ಮಾನಿಸುವುದಿಲ್ಲ. ಮಾರುವವನ ಹತ್ತಿರ ಅರ್ಧ ಹಕ್ಕಿದ್ದರೆ ನಿಮಗೆ ಬರುವುದೂ ಅರ್ಧವೇ, ಪತ್ರದಲ್ಲಿ ಪೂರ್ತಿ ಎಂದು ಬರೆದಿದ್ದರೂ ಸಹ. ಪಹಣಿಯ ವಿಷಯಕ್ಕೆ ಬಂದರೆ, 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಂ ಹೇಳುವುದು ಇಷ್ಟು: ಅದರಲ್ಲಿರುವುದು ತಪ್ಪು ಎಂದು ಸಾಬೀತಾಗುವವರೆಗೆ ಅದನ್ನು ಸರಿ ಎಂದು ಭಾವಿಸಬೇಕು. ಭಾವಿಸಬೇಕು, ಅಷ್ಟೇ. ಎದುರಿನವರು ಹಳೆಯ ಕ್ರಯಪತ್ರ ತಂದು ತೋರಿಸಿದರೆ ಪಹಣಿ ಹಿಂದೆ ಸರಿಯುತ್ತದೆ.

ಹಂತ 1: ಪಹಣಿಯನ್ನು ಪೂರ್ತಿ ಓದಿ

ಪಹಣಿ, ಅಂದರೆ ಆರ್‌ಟಿಸಿ, ಕಂದಾಯ ಇಲಾಖೆಯ ಭೂಮಿ ಜಾಲತಾಣದಲ್ಲಿ ಮತ್ತು ನಾಡಕಚೇರಿಯಲ್ಲಿ ಸಿಗುತ್ತದೆ. ಹೆಚ್ಚಿನವರು ಹೆಸರು ಮತ್ತು ವಿಸ್ತೀರ್ಣ ನೋಡಿ ಮಡಚಿಡುತ್ತಾರೆ. ನಿಜವಾದ ಕಥೆ ಉಳಿದ ಕಾಲಂಗಳಲ್ಲಿದೆ.

3ನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣ ಇರುತ್ತದೆ. ಅದರ ಕೆಳಗೆ ಖರಾಬು ಎಷ್ಟು ಎಂದು ಬರೆದಿರುತ್ತದೆ. ಎ ಖರಾಬು ಎಂದರೆ ಸರ್ವೆ ಆದಾಗ ಬೇಸಾಯಕ್ಕೆ ಬಾರದ ನೆಲ, ಕಲ್ಲುಬಂಡೆ, ರೈತನ ಕಣ, ಕೊಟ್ಟಿಗೆ ಇಂಥವು. ಬಿ ಖರಾಬು ಹಾಗಲ್ಲ. ಅದು ಸಾರ್ವಜನಿಕರ ಬಳಕೆಗೆ ಬಿಟ್ಟದ್ದು: ದಾರಿ, ಹಳ್ಳ, ಕೆರೆ, ಸ್ಮಶಾನ. ನಿಮ್ಮ ಸರ್ವೆ ನಂಬರಿನ ಒಳಗೇ ಇದ್ದರೂ ಬಿ ಖರಾಬು ನಿಮ್ಮದಲ್ಲ. ಅದನ್ನೂ ಅಳತೆಗೆ ಸೇರಿಸಿ ದುಡ್ಡು ಕೇಳುವವರಿದ್ದಾರೆ, ಹುಷಾರು.

ಅಳತೆ ಬರೆಯುವ ರೀತಿಯೂ ತಿಳಿದಿರಲಿ. 2.15.08 ಎಂದು ಇದ್ದರೆ 2 ಎಕರೆ 15 ಗುಂಟೆ 8 ಆಣೆ ಎಂದು ಓದಬೇಕು. ಅದು ದಶಮಾಂಶ ಅಲ್ಲ. 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಒಂದು ಗುಂಟೆ ಎಂದರೆ 1,089 ಚದರ ಅಡಿ. ಕರಾವಳಿಯಲ್ಲಿ ಸೆಂಟ್ಸ್ ಲೆಕ್ಕ, 100 ಸೆಂಟ್ಸ್‌ಗೆ ಒಂದು ಎಕರೆ.

9ನೇ ಕಾಲಂನಲ್ಲಿ ಹೆಸರು ಮತ್ತು ಒಬ್ಬೊಬ್ಬರ ಪಾಲಿನ ವಿಸ್ತೀರ್ಣ ಇರುತ್ತದೆ. ಅಲ್ಲಿ "ಜಂಟಿ" ಎಂದಿದ್ದರೆ ಎಲ್ಲರೂ ಸಹಿ ಹಾಕದೆ ವ್ಯವಹಾರ ಮುಗಿಯುವುದಿಲ್ಲ. 10ನೇ ಕಾಲಂ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ. ಜಮೀನು ಇವರಿಗೆ ಹೇಗೆ ಬಂತು ಎಂಬುದು ಅಲ್ಲಿದೆ: ಕ್ರಯ, ಪೌತಿ (ಮಾಲೀಕರು ತೀರಿಕೊಂಡು ವಾರಸುದಾರರಿಗೆ ಬಂದದ್ದು), ವಿಭಾಗ, ದಾನ, ಮಂಜೂರು. ಜೊತೆಗೆ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್, ಅಂದರೆ ಹೆಸರು ಬದಲಾವಣೆಯ ಪುಸ್ತಕ) ನಂಬರು ಮತ್ತು ವರ್ಷ. 11ನೇ ಕಾಲಂನಲ್ಲಿ ಬ್ಯಾಂಕ್ ಅಥವಾ ಸೊಸೈಟಿ ಸಾಲ, ಕೋರ್ಟಿನ ತಡೆಯಾಜ್ಞೆ, ಪರಭಾರೆ (ಮಾರಾಟ, ದಾನ ಮುಂತಾಗಿ ಬೇರೆಯವರಿಗೆ ಕೊಡುವುದು) ನಿಷೇಧ, ಭೂಸ್ವಾಧೀನದ ನೋಟಿಸು ಇಂಥವು ನಮೂದಾಗಿರುತ್ತವೆ. 12ನೇ ಕಾಲಂನಲ್ಲಿ ಉಳುಮೆ ಮಾಡುವವರು ಮತ್ತು ಬೆಳೆ. 9ರಲ್ಲಿ ಒಬ್ಬರು, 12ರಲ್ಲಿ ಇನ್ನೊಬ್ಬರು ಇದ್ದರೆ ಯಾಕೆ ಎಂದು ಕೇಳದೆ ಮುಂದೆ ಹೋಗಬೇಡಿ.

ಹಂತ 2: ಎಂ.ಆರ್. ಹಿಡಿದು ಹಿಂದಕ್ಕೆ ಹೋಗಿ

10ನೇ ಕಾಲಂನ ಎಂ.ಆರ್. ನಂಬರು ಹಿಡಿದು ಮ್ಯುಟೇಷನ್ ನಕಲು ತೆಗೆಸಿ. ಅದರಲ್ಲಿ ಅದಕ್ಕೂ ಹಿಂದಿನ ಮಾಲೀಕರು ಯಾರು, ಯಾವ ಪತ್ರದ ಆಧಾರದಲ್ಲಿ ಹೆಸರು ಬದಲಾಯಿತು ಎಂದಿರುತ್ತದೆ. ಅಲ್ಲಿಂದ ಇನ್ನೂ ಹಿಂದಿನ ಎಂ.ಆರ್.ಗೆ ಹೋಗಿ. ಹೀಗೆ ಕಡಿಮೆ ಎಂದರೂ 30 ವರ್ಷ ಹಿಂದಕ್ಕೆ ಹೋಗಬೇಕು. ಮಂಜೂರಾದ ಜಮೀನು, ಇನಾಂ ಜಮೀನು, ಗೇಣಿಯಿಂದ ಬಂದ ಜಮೀನು ಆದರೆ ಮೂಲದವರೆಗೂ ಹೋಗಲೇಬೇಕು. ಹಳೆಯ ಕೈಬರಹದ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್ (ಜಮೀನುಗಳ ಸೂಚಿ), ಆರ್.ಆರ್. (ರೆಕಾರ್ಡ್ ಆಫ್ ರೈಟ್ಸ್, ಹಕ್ಕುದಾಖಲೆ) ಎಲ್ಲ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇರುತ್ತವೆ. ಅರ್ಜಿ ಕೊಟ್ಟು ದೃಢೀಕೃತ ನಕಲು ಪಡೆಯಬಹುದು.

ಹೀಗೆ ಹಿಂದಕ್ಕೆ ಹೋಗುವಾಗ ಒಂದು ಕೊಂಡಿ ಕಳಚಿರುವುದು ಕಾಣಬಹುದು. 1985ರ ಪಹಣಿಯಲ್ಲಿ ಮೂವರು ಅಣ್ಣತಮ್ಮಂದಿರ ಹೆಸರಿದೆ, 1990ರಲ್ಲಿ ಒಬ್ಬರದೇ ಇದೆ, ಮಧ್ಯೆ ವಿಭಾಗಪತ್ರವೂ ಇಲ್ಲ, ಎಂ.ಆರ್. ಕೂಡ ಇಲ್ಲ ಎಂದುಕೊಳ್ಳಿ. ಆ ಇಬ್ಬರ ಮಕ್ಕಳು ನಾಳೆ ಬಂದು ಕೇಳಬಹುದು. "ಅವೆಲ್ಲ ಹಳೇ ಕಥೆ ಬಿಡಿ ಸಾರ್" ಎಂದು ದಲ್ಲಾಳಿ ಹೇಳುತ್ತಾರೆ. ಬಿಡಬೇಡಿ.

ಇದರ ಜೊತೆಗೆ ಮೂಲ ಕ್ರಯಪತ್ರಗಳ ಸಾಲು ಬೇಕು. ಪ್ರತಿ ಪತ್ರದಲ್ಲಿ ಚೆಕ್ಕುಬಂದಿ ಹೋಲಿಸಿ ನೋಡಿ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಏನು ಎಂಬುದು 20 ವರ್ಷದಲ್ಲಿ ಅಕ್ಕಪಕ್ಕದ ಮಾಲೀಕರು ಬದಲಾದಾಗ ಬದಲಾಗಬಹುದು. ಆದರೆ ಹಳ್ಳ ಇದ್ದ ಕಡೆ ರಸ್ತೆ ಬಂದಿದ್ದರೆ ಅದಕ್ಕೊಂದು ವಿವರಣೆ ಇರಬೇಕಲ್ವಾ?

ಹಂತ 3: ಇ.ಸಿ. ತೆಗೆಸಿ, ಆದರೆ ಅದರ ಮಿತಿ ತಿಳಿದಿರಲಿ

ಋಣಭಾರ ಪ್ರಮಾಣಪತ್ರವನ್ನು ಎಲ್ಲರೂ ಇ.ಸಿ. ಎಂದೇ ಕರೆಯುತ್ತಾರೆ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಗಣಕೀಕರಣಕ್ಕೆ ಮುಂಚಿನ ವರ್ಷಗಳಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ಹುಡುಕಿಸಬೇಕು. ವ್ಯವಹಾರಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಕೊಡುತ್ತಾರೆ.

ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದ ಪತ್ರಗಳು ಮಾತ್ರ. ನೋಂದಣಿ ಆಗದ ಕರಾರು, ಬಾಯಿಮಾತಿನ ಪಾಲು, ನೋಂದಣಿ ಮಾಡಿಸದ ವಿಲ್, ನಡೆಯುತ್ತಿರುವ ದಾವೆ ಅದರಲ್ಲಿ ಕಾಣದೇ ಇರಬಹುದು. ಆದ್ದರಿಂದ ಮಾರುವವರ ಹೆಸರಿನಲ್ಲಿ ತಾಲ್ಲೂಕಿನ ಸಿವಿಲ್ ಕೋರ್ಟಿನಲ್ಲಿ ದಾವೆ ಇದೆಯೇ ಎಂದು ಇ-ಕೋರ್ಟ್ಸ್ ಜಾಲತಾಣದಲ್ಲೂ ಹುಡುಕಿ. ತಹಶೀಲ್ದಾರ್ ಮತ್ತು ಎಸಿ (ಉಪವಿಭಾಗಾಧಿಕಾರಿ) ಕಚೇರಿಯಲ್ಲಿ ಪ್ರಕರಣ ಇದೆಯೇ ಎಂದು ವಿಚಾರಿಸಿ. ಇದಕ್ಕೆ ಜಾಸ್ತಿ ಖರ್ಚಿಲ್ಲ, ಸ್ವಲ್ಪ ತಾಳ್ಮೆ ಸಾಕು.

ಹಂತ 4: ಕುಟುಂಬದಲ್ಲಿ ಯಾರ್ಯಾರಿಗೆ ಪಾಲಿದೆ

ಇಲ್ಲೇ ಹೆಚ್ಚು ಜಗಳ ಹುಟ್ಟುವುದು. ಹೆಚ್ಚು ಅನ್ಯಾಯ ನಡೆಯುವುದೂ ಇಲ್ಲೇ. ಹಾಗಾಗಿ ನಿಧಾನವಾಗಿ ನೋಡೋಣ.

ಹಿಂದೂ ಕುಟುಂಬಗಳಲ್ಲಿ ಆಸ್ತಿಯನ್ನು ಪಿತ್ರಾರ್ಜಿತ, ಸ್ವಯಾರ್ಜಿತ ಎಂದು ಎರಡಾಗಿ ನೋಡಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಪಾಲು. ಸ್ವಯಾರ್ಜಿತ ಆಸ್ತಿ ದುಡಿದು ಕೊಂಡವರದ್ದು. ಬದುಕಿರುವಾಗ ಯಾರಿಗೆ ಬೇಕಾದರೂ ಮಾರಬಹುದು, ಕೊಡಬಹುದು. ವಿಲ್ ಬರೆಯದೆ ತೀರಿಕೊಂಡರೆ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು.

"ಅಜ್ಜನ ಜಮೀನು, ಅದಕ್ಕೇ ಪಿತ್ರಾರ್ಜಿತ" ಎಂದು ಬಹಳ ಜನ ನಂಬಿದ್ದಾರೆ. ಯಾವಾಗಲೂ ಹಾಗಲ್ಲ. ಅಜ್ಜ ಸ್ವಂತ ದುಡಿಮೆಯಿಂದ ಕೊಂಡ ಜಮೀನು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ನಂತರ ವಾರಸುದಾರಿಕೆಯಿಂದ ಅಪ್ಪನಿಗೆ ಬಂದಿದ್ದರೆ, ಅದು ಅಪ್ಪನ ಸ್ವಂತ ಆಸ್ತಿ. ಮೊಮ್ಮಕ್ಕಳಿಗೆ ಅದರಲ್ಲಿ ಹುಟ್ಟಿನಿಂದ ಪಾಲಿಲ್ಲ. ಹಾಗಾಗಿ ಪತ್ರದ ವರ್ಷ, ಅಜ್ಜ ತೀರಿಕೊಂಡ ವರ್ಷ ಎರಡೂ ಮುಖ್ಯ.

ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಈಗ ಗೊಂದಲಕ್ಕೆ ಜಾಗವೇ ಇಲ್ಲ. ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು ಅದುವರೆಗೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೊಟ್ಟಿತ್ತು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂತು. ಮದುವೆ ಆಗಿರಲಿ, ಬಿಡಲಿ, ಮಗಳಿಗೂ ಮಗನಷ್ಟೇ ಹಕ್ಕು. ಆ ದಿನ ಅಪ್ಪ ಬದುಕಿರಬೇಕಿತ್ತೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಉತ್ತರ ಕೊಟ್ಟಿತು: ಬೇಕಿಲ್ಲ, ಹಕ್ಕು ಹುಟ್ಟಿನಿಂದಲೇ ಬಂದದ್ದು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಪತ್ರದ ಮೂಲಕವೋ ಕೋರ್ಟಿನ ಡಿಕ್ರಿಯ ಮೂಲಕವೋ ಮುಗಿದ ವಿಭಾಗಗಳನ್ನು ಇದು ಮುಟ್ಟುವುದಿಲ್ಲ. "ಬಾಯಲ್ಲೇ ಪಾಲಾಗಿತ್ತು" ಎಂಬ ವಾದವನ್ನು ಕೋರ್ಟು ಸುಲಭವಾಗಿ ಒಪ್ಪುವುದಿಲ್ಲ.

"ಮದುವೆಗೆ ಖರ್ಚು ಮಾಡಿದ್ದೇವೆ, ಅಕ್ಕತಂಗಿಯರಿಗೆ ಪಾಲಿಲ್ಲ" ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ನ್ಯಾಯದಲ್ಲೂ ಇಲ್ಲ ಎಂದೇ ನಾನು ನಂಬಿದ್ದೇನೆ. ಅವರು ತಾವಾಗಿಯೇ ಪಾಲು ಬೇಡ ಎಂದರೆ ಅದಕ್ಕೆ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರ ಬೇಕು. ಖಾಲಿ ಹಾಳೆಗೆ ಹಾಕಿಸಿಕೊಂಡ ಸಹಿ ಅಲ್ಲ. ಸಹಿ ಹಾಕುವ ಅಕ್ಕತಂಗಿಯರಿಗೂ ಒಂದು ಮಾತು: ಪತ್ರವನ್ನು ಓದಿಸಿಕೊಂಡು, ಯಾವ ಯಾವ ಸರ್ವೆ ನಂಬರು ಅದರಲ್ಲಿದೆ ಎಂದು ತಿಳಿದುಕೊಂಡು ಆಮೇಲೆ ಸಹಿ ಮಾಡಿ.

ಕೊಳ್ಳುವವರು ವಂಶವೃಕ್ಷ ಕೇಳಬೇಕು. ಅದನ್ನು ನಾಡಕಚೇರಿಯಿಂದ ಪಡೆದಿದ್ದರೂ ಊರಲ್ಲಿ ನಾಲ್ಕು ಜನರನ್ನು ವಿಚಾರಿಸಿ. ದೂರದ ಊರಿಗೆ ಮದುವೆಯಾಗಿ ಹೋದ ಮಗಳ ಹೆಸರು, ಎರಡನೇ ಹೆಂಡತಿಯ ಮಕ್ಕಳ ಹೆಸರು ಬಿಟ್ಟುಹೋಗಿರುವುದುಂಟು. ಕುಟುಂಬದಲ್ಲಿ ಅಪ್ರಾಪ್ತ ಮಕ್ಕಳಿದ್ದರೆ ಇನ್ನಷ್ಟು ಎಚ್ಚರ ಬೇಕು. ಅಪ್ರಾಪ್ತರ ಸ್ವಂತ ಹೆಸರಿನ ಆಸ್ತಿಯನ್ನು ಕೋರ್ಟಿನ ಅನುಮತಿ ಇಲ್ಲದೆ ಪೋಷಕರು ಮಾರಿದರೆ, ಮಗು ದೊಡ್ಡದಾದ ಮೇಲೆ ಆ ಕ್ರಯವನ್ನು ಪ್ರಶ್ನಿಸಬಹುದು.

ಮುಸ್ಲಿಂ ಕುಟುಂಬಗಳಲ್ಲಿ ವಾರಸುದಾರಿಕೆಯ ಲೆಕ್ಕ ಬೇರೆ, ಹುಟ್ಟಿನಿಂದ ಪಾಲು ಎಂಬುದು ಅಲ್ಲಿಲ್ಲ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ.

ಹಂತ 5: ಮುಟ್ಟಬಾರದ ಜಮೀನುಗಳನ್ನು ಗುರುತಿಸಿ

10 ಅಥವಾ 11ನೇ ಕಾಲಂನಲ್ಲಿ "ಮಂಜೂರು", "ದರಖಾಸ್ತು", "ಸಾಗುವಳಿ ಚೀಟಿ" ಎಂಬ ಮಾತು ಎಲ್ಲಿ ಕಂಡರೂ ನಿಲ್ಲಿ. ಇವು ಸರ್ಕಾರ ಕೊಟ್ಟ ಜಮೀನಿನ ಗುರುತು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು 1978ರ ಪಿಟಿಸಿಎಲ್ (ಕೆಲವು ಜಮೀನುಗಳ ಪರಭಾರೆ ನಿಷೇಧ) ಕಾಯ್ದೆ ಕಾಯುತ್ತದೆ. 1979ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಸರ್ಕಾರದ ಮುಂಚಿತ ಅನುಮತಿ ಇಲ್ಲದೆ ಅಂಥ ಜಮೀನು ಮಾರಿದರೆ ಆ ಕ್ರಯ ಅಸಿಂಧು. ಮಂಜೂರುದಾರರಿಗೆ ಅಥವಾ ಅವರ ವಾರಸುದಾರರಿಗೆ ಜಮೀನು ವಾಪಸ್ ಹೋಗುತ್ತದೆ. 2023ರ ತಿದ್ದುಪಡಿ ಬಂದ ಮೇಲೆ ವಾಪಸ್ ಕೇಳುವ ಅರ್ಜಿಗೆ ಕಾಲಮಿತಿಯ ತಡೆ ಇಲ್ಲ. ಬಡತನ ನೋಡಿ ಚಿಲ್ಲರೆ ಕಾಸಿಗೆ ಜಮೀನು ಬರೆಸಿಕೊಳ್ಳುವುದನ್ನು ತಡೆಯಲು ಬಂದ ಕಾಯ್ದೆ ಇದು. ಅದನ್ನು ಸುತ್ತಿಬಳಸಿ ದಾಟುವ ದಾರಿ ಹುಡುಕಬೇಡಿ. ಜಮೀನು ಪಿಟಿಸಿಎಲ್ ವ್ಯಾಪ್ತಿಗೆ ಬರುವುದಿಲ್ಲ ಎಂದು ತಹಶೀಲ್ದಾರ್ ಕಚೇರಿಯಿಂದ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಪಡೆದುಕೊಳ್ಳಿ. ಮಂಜೂರಾತಿಯ ಮೂಲ ಕಡತವನ್ನೂ ನೋಡಿ.

ಇನ್ನು ಗೇಣಿ ಜಮೀನು. 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆಯಲ್ಲಿ, ದೇವರಾಜ ಅರಸು ಅವರ ಕಾಲದಲ್ಲಿ, ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಕೊಟ್ಟು ಭೂ ನ್ಯಾಯಮಂಡಳಿಯಿಂದ ಹಕ್ಕು ಪಡೆದರು. ಅಂಥ ಜಮೀನಿನ ಮೂಲಪತ್ರ ನ್ಯಾಯಮಂಡಳಿಯ ಆದೇಶ ಮತ್ತು ನಮೂನೆ 10ರ ಪ್ರಮಾಣಪತ್ರ. ಹೀಗೆ ಹಕ್ಕು ಸಿಕ್ಕ ಮೇಲೆ 15 ವರ್ಷ ಪರಭಾರೆ ಮಾಡುವಂತಿರಲಿಲ್ಲ. ಆ ಅವಧಿಯೊಳಗೆ ಮಾರಾಟ ನಡೆದಿದ್ದರೆ ಸರಪಳಿಯಲ್ಲಿ ದೋಷ ಇದೆ ಎಂದೇ ತಿಳಿಯಿರಿ.

ಗೋಮಾಳ, ಕೆರೆ ಅಂಗಳ, ಅರಣ್ಯ ಇವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಷ್ಟು ವರ್ಷದಿಂದ ಉಳುತ್ತಿದ್ದರೂ ಬಗರ್‌ಹುಕುಂ (ಅನುಮತಿಯಿಲ್ಲದೆ ಸರ್ಕಾರಿ ನೆಲ ಉಳುವ) ಸಾಗುವಳಿ ಮಂಜೂರಾಗುವವರೆಗೆ ಒಡೆತನ ಅಲ್ಲ. ನಮೂನೆ 50, 53 ಅಥವಾ 57ರಲ್ಲಿ ಅರ್ಜಿ ಹಾಕಿದ ರಸೀದಿಯನ್ನೇ ತೋರಿಸಿ ಮಾರುವವರಿದ್ದಾರೆ. ಅರ್ಜಿಗೆ ದುಡ್ಡು ಕೊಡಬೇಡಿ.

ಮಲೆನಾಡು ಮತ್ತು ಕರಾವಳಿಯವರಿಗೆ ಇನ್ನೊಂದು ಬಗೆಯ ಹಕ್ಕು ಗೊತ್ತು. ದಕ್ಷಿಣ ಕನ್ನಡದ ಕುಮ್ಕಿ, ಕಾನ, ಬಾಣೆ, ಉತ್ತರ ಕನ್ನಡ ಮತ್ತು ಶಿವಮೊಗ್ಗದ ಸೊಪ್ಪಿನ ಬೆಟ್ಟ ಇವೆಲ್ಲ ವರ್ಗ (ಕಂದಾಯ ಕಟ್ಟುವ ಪಟ್ಟಾ) ಜಮೀನಿಗೆ ಅಥವಾ ಅಡಿಕೆ ತೋಟಕ್ಕೆ ಅಂಟಿಕೊಂಡ ಸವಲತ್ತುಗಳು. ಸೊಪ್ಪು, ಸೌದೆ ತರಬಹುದು, ದನ ಮೇಯಿಸಬಹುದು. ನೆಲ ಸರ್ಕಾರದ್ದೇ. ತೋಟ ಕೊಳ್ಳುವಾಗ "ಇದರ ಜೊತೆ ಇಷ್ಟು ಎಕರೆ ಕುಮ್ಕಿ ಬರುತ್ತೆ" ಎಂದರೆ ಬರುವುದು ಆ ಸವಲತ್ತು ಮಾತ್ರ, ಅದನ್ನು ಸ್ವಂತ ನೆಲ ಎಂದು ಲೆಕ್ಕ ಹಾಕಿ ಬೆಲೆ ಕಟ್ಟಬೇಡಿ. ಕೊಡಗಿನ ಬಾಣೆ, ಜಮ್ಮಾ ಹಿಡುವಳಿಗಳಿಗೆ ಅವುಗಳದ್ದೇ ಇತಿಹಾಸ, ಅವುಗಳದ್ದೇ ನಿಯಮ. ಅದಕ್ಕೆ ಅಲ್ಲಿಯ ವಕೀಲರೇ ಬೇಕು.

ಹಂತ 6: ನೆಲದ ಮೇಲೆ ನಿಂತು ನೋಡಿ

ಕಾಗದದಲ್ಲಿ 2 ಎಕರೆ ಇದ್ದು ನೆಲದಲ್ಲಿ 1 ಎಕರೆ 30 ಗುಂಟೆ ಇರುವುದು ಅಪರೂಪವೇನಲ್ಲ. ಸರ್ವೆ ಇಲಾಖೆಯ ಟಿಪ್ಪಣಿ (ಅಳತೆಯ ಮೂಲ ನಕ್ಷೆ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಸರ್ವೆ ಪಟ್ಟಿ) ಮತ್ತು ಗ್ರಾಮ ನಕಾಶೆಯ ನಕಲು ತೆಗೆಸಿ. ಆಕಾರ್‌ಬಂದ್‌ನ ವಿಸ್ತೀರ್ಣ ಮತ್ತು ಪಹಣಿಯ ವಿಸ್ತೀರ್ಣ ಒಂದೇ ಇರಬೇಕು. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಜಮೀನಿನಲ್ಲಿ ನಿಂತರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ತೋರಿಸುತ್ತದೆ. ಅಂದಾಜಿಗೆ ಅದು ಒಳ್ಳೆಯದು, ಗಡಿ ತೀರ್ಮಾನಕ್ಕೆ ಅದು ಸಾಲದು. ಗಡಿಗೆ ಹದ್ದುಬಸ್ತು (ಗಡಿ ಗುರುತಿಸುವ) ಅರ್ಜಿ ಹಾಕಿ, ಅಕ್ಕಪಕ್ಕದವರಿಗೆ ನೋಟಿಸು ಹೋಗಿ, ಸರ್ವೆಯರ್ ಬಂದು ಅಳೆಯಬೇಕು.

ಒಂದೇ ಸರ್ವೆ ನಂಬರಿನಲ್ಲಿ ಹತ್ತಾರು ಹೆಸರುಗಳಿದ್ದರೆ ಪೋಡಿ (ಪಾಲುಗಳನ್ನು ಅಳೆದು ಬೇರೆ ಮಾಡುವುದು) ಆಗಿಲ್ಲ ಎಂದು ಅರ್ಥ. ಯಾರ ಪಾಲು ಯಾವ ಮೂಲೆಯಲ್ಲಿ ಎಂಬುದು ನಕ್ಷೆಯಲ್ಲೇ ಇರುವುದಿಲ್ಲ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರಲು 11ಇ ನಕ್ಷೆ (ಆ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಬೇಕು. ಅದನ್ನು ಮಾಡಿಸುವ ಹೊಣೆ ಮಾರುವವರ ಮೇಲಿರಲಿ. ಮುಂಗಡ ಕೊಡುವ ಮೊದಲೇ ಅದನ್ನು ಕೇಳಿ.

ಆಮೇಲೆ ದಾರಿ. ಬೇಸಿಗೆಯಲ್ಲಿ ಎಲ್ಲ ಹೊಲಗಳಿಗೂ ದಾರಿ ಇರುತ್ತದೆ, ಬೆಳೆ ನಿಂತಾಗ ಗೊತ್ತಾಗುತ್ತದೆ. ಗ್ರಾಮ ನಕಾಶೆಯಲ್ಲಿ ಬಂಡಿದಾರಿ ಅಥವಾ ಕಾಲುದಾರಿ ಗುರುತಾಗಿದ್ದರೆ ಅದು ನಕಾಶೆ ಕಂಡ ದಾರಿ. ಅದನ್ನು ಯಾರೂ ಮುಚ್ಚುವಂತಿಲ್ಲ, ಮುಚ್ಚಿದರೆ ತಹಶೀಲ್ದಾರರಿಗೆ ದೂರು ಕೊಡಬಹುದು. ನಕಾಶೆಯಲ್ಲಿ ಇಲ್ಲದ ದಾರಿಯಾದರೆ 1882ರ ಅನುಭೋಗ ಹಕ್ಕುಗಳ ಕಾಯ್ದೆಯ ಕಡೆ ನೋಡಬೇಕು. ಬೇರೆಯವರ ಜಮೀನಿನ ಮೂಲಕ 20 ವರ್ಷ ತಡೆಯಿಲ್ಲದೆ, ಬಹಿರಂಗವಾಗಿ, ಹಕ್ಕು ಎಂದೇ ಓಡಾಡಿದ್ದರೆ ದಾರಿಯ ಹಕ್ಕು ಬರುತ್ತದೆ. ಅದಕ್ಕೆ ಕೋರ್ಟಿನಲ್ಲಿ ಸಾಕ್ಷಿ ಬೇಕು. ಕೊಳ್ಳುವವರಿಗೆ ನನ್ನ ಸಲಹೆ ಸರಳ: ದಾರಿ ಇಲ್ಲದ ಜಮೀನಾದರೆ ಪಕ್ಕದವರಿಂದ ದಾರಿಗೆ ನೋಂದಣಿ ಪತ್ರ ಮಾಡಿಸಿಕೊಂಡ ಮೇಲೆ ಮಾತ್ರ ಮುಂದುವರಿಯಿರಿ.

ಮರಗಳ ಬಗ್ಗೆಯೂ ಕೇಳಿಕೊಳ್ಳಿ. 2001ರ ತಿದ್ದುಪಡಿಯ ನಂತರ ನಮ್ಮ ಜಮೀನಿನಲ್ಲಿ ಬೆಳೆದ ಶ್ರೀಗಂಧದ ಮರ ನಮ್ಮದೇ. ಆದರೂ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಬೇರೆ ಅನೇಕ ಜಾತಿಯ ಮರಗಳಿಗೂ ಹೀಗೇ.

ಹಂತ 7: ಸೈಟು, ಮನೆ ಆದರೆ

ಕೃಷಿ ಜಮೀನಿನಲ್ಲಿ ಸೈಟು ಮಾಡಬೇಕಾದರೆ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂಪರಿವರ್ತನೆ ಆಗಬೇಕು. ಆಮೇಲೆ ಯೋಜನಾ ಪ್ರಾಧಿಕಾರದಿಂದ ಬಡಾವಣೆ ನಕ್ಷೆಗೆ ಅನುಮೋದನೆ ಸಿಗಬೇಕು. ಎರಡೂ ಬೇಕು. ಪರಿವರ್ತನೆ ಒಂದೇ ಆಗಿದ್ದರೆ ಸಾಲದು. ಎರಡೂ ಇಲ್ಲದ್ದನ್ನು ರೆವಿನ್ಯೂ ಸೈಟು ಎನ್ನುತ್ತಾರೆ. ಅಗ್ಗ ಎಂದು ಬೀಳಬೇಡಿ.

ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಪಂಚಾಯಿತಿ ಆಸ್ತಿಗಳ ಇ-ಸ್ವತ್ತು ತಂತ್ರಾಂಶದಿಂದ ನಮೂನೆ 9 ಮತ್ತು 11ಎ ಬರಬೇಕು. 11ಬಿ ಎಂದರೆ ಅನುಮೋದನೆಯಲ್ಲಿ ಕೊರತೆ ಇರುವ ಆಸ್ತಿ, ಅದಕ್ಕೆ ತೆರಿಗೆ ಮಾತ್ರ ವಸೂಲಿ. ನಗರಗಳಲ್ಲಿ ಎ ಖಾತೆ, ಬಿ ಖಾತೆ ಎಂಬ ವ್ಯತ್ಯಾಸವೂ ಹೆಚ್ಚುಕಡಿಮೆ ಇದೇ ಬಗೆಯದು. ಈಗ ನೋಂದಣಿಗೆ ಇ-ಖಾತೆ (ಗಣಕೀಕೃತ ಖಾತೆ) ಕೇಳುತ್ತಾರೆ. ಮಾರುವವರ ಇ-ಖಾತೆಯನ್ನು ಮೊದಲೇ ನೋಡಿ, ಅಳತೆ ಮತ್ತು ಹೆಸರಿನ ಅಕ್ಷರ ಕ್ರಯಪತ್ರಕ್ಕೆ ಹೊಂದುತ್ತದೆಯೇ ಎಂದು ತಾಳೆ ಹಾಕಿ.

ಕೃಷಿ ಜಮೀನು ಯಾರು ಕೊಳ್ಳಬಹುದು ಎಂದು ಈಗಲೂ ಕೇಳುತ್ತಾರೆ. ಕೊಳ್ಳುವವರಿಗೆ ಮಿತಿ ಹಾಕುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು 2020ರಲ್ಲಿ ಹೋದವು. ರೈತರಲ್ಲದವರೂ ಕೊಳ್ಳಬಹುದು, ಆದಾಯದ ಮಿತಿ ಇಲ್ಲ. ಒಂದು ಕುಟುಂಬ ಎಷ್ಟು ಜಮೀನು ಇಟ್ಟುಕೊಳ್ಳಬಹುದು ಎಂಬ ಗರಿಷ್ಠ ಮಿತಿ ಇದ್ದೇ ಇದೆ. ವಿದೇಶದಲ್ಲಿರುವ ನಮ್ಮವರಿಗೆ ಮಾತ್ರ ಬೇರೆ ನಿಯಮ: ಎನ್‌ಆರ್‌ಐ ಮತ್ತು ಒಸಿಐ (ಭಾರತೀಯ ಮೂಲದ ವಿದೇಶಿ ಪ್ರಜೆ) ಆದವರು ಮನೆ, ಸೈಟು ಕೊಳ್ಳಬಹುದು, ಕೃಷಿ ಜಮೀನು, ಪ್ಲಾಂಟೇಷನ್, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ವಾರಸುದಾರಿಕೆಯಿಂದ ಬಂದರೆ ಇಟ್ಟುಕೊಳ್ಳಬಹುದು.

ಹಂತ 8: ಕರಾರು, ಕ್ರಯ, ಮ್ಯುಟೇಷನ್

ಕ್ರಯದ ಕರಾರಿನಿಂದ ಒಡೆತನ ಬರುವುದಿಲ್ಲ. ಮುಂದೆ ಕ್ರಯ ಮಾಡಿಕೊಡಿ ಎಂದು ಕೇಳುವ ಹಕ್ಕು ಮಾತ್ರ ಬರುತ್ತದೆ. ಅದನ್ನು ಕೋರ್ಟಿನಲ್ಲಿ ಕೇಳಲು ಮೂರು ವರ್ಷದ ಮಿತಿ ಇದೆ. ಕರಾರನ್ನೂ ನೋಂದಣಿ ಮಾಡಿಸಿ, ಆಗ ಅದು ಇ.ಸಿ.ಯಲ್ಲಿ ಕಾಣುತ್ತದೆ, ಅದೇ ಆಸ್ತಿಯನ್ನು ಇನ್ನೊಬ್ಬರಿಗೆ ಮಾರುವುದು ಕಷ್ಟವಾಗುತ್ತದೆ. ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ.

"ಜಿಪಿಎ ಮಾಡಿಕೊಡ್ತೀವಿ, ಅದೇ ಸಾಕು" ಎನ್ನುವವರನ್ನು ನಂಬಬೇಡಿ. ಜಿಪಿಎ, ಅಂದರೆ ನಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರಪತ್ರದ ಮೂಲಕ ಒಡೆತನ ವರ್ಗಾವಣೆ ಆಗುವುದಿಲ್ಲ ಎಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ. ಮಾಲೀಕರ ಪರವಾಗಿ ಜಿಪಿಎ ಇರುವವರು ಕ್ರಯಪತ್ರಕ್ಕೆ ಸಹಿ ಹಾಕುವುದು ಬೇರೆ ಮಾತು. ಆಗ ಮಾಲೀಕರು ಬದುಕಿದ್ದಾರೆಯೇ, ಜಿಪಿಎ ರದ್ದಾಗಿಲ್ಲವೇ ಎಂದು ಖಚಿತಪಡಿಸಿಕೊಳ್ಳಿ. ಸಾಮಾನ್ಯವಾಗಿ ಕೊಟ್ಟವರು ತೀರಿಕೊಂಡ ಕ್ಷಣಕ್ಕೆ ಅದು ಮುಗಿಯುತ್ತದೆ.

ಕ್ರಯಪತ್ರಕ್ಕೆ ಸಹಿಯಾದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ಕೃಷಿ ಜಮೀನಾದರೆ ನೋಂದಣಿ ಆದ ಮೇಲೆ ಮಾಹಿತಿ ಭೂಮಿ ವ್ಯವಸ್ಥೆಗೆ ತಾನಾಗಿಯೇ ಹೋಗುತ್ತದೆ, ನೋಟಿಸು ಹೊರಡುತ್ತದೆ, ತಕರಾರು ಬಾರದಿದ್ದರೆ ಮ್ಯುಟೇಷನ್ ಆಗುತ್ತದೆ. ಹೊಸ ಪಹಣಿಯಲ್ಲಿ ನಿಮ್ಮ ಹೆಸರು, ವಿಸ್ತೀರ್ಣ ಸರಿಯಾಗಿ ಬಂದಿದೆಯೇ ಎಂದು ನೋಡುವವರೆಗೆ ಕೆಲಸ ಮುಗಿದಿಲ್ಲ. ಅಪ್ಪ ಅಮ್ಮ ತೀರಿಕೊಂಡಿದ್ದರೆ ಪೌತಿ ಖಾತೆಗೆ ಮರಣ ಪ್ರಮಾಣಪತ್ರ, ವಂಶವೃಕ್ಷ ಇಟ್ಟು ಅರ್ಜಿ ಕೊಡಿ. ಇದನ್ನು ಸುಮ್ನೆ ಮುಂದೂಡಿದರೆ ಒಂದೊಂದು ತಲೆಮಾರಿಗೂ ಸಹಿ ಹಾಕಬೇಕಾದವರ ಸಂಖ್ಯೆ ಏರುತ್ತಲೇ ಹೋಗುತ್ತದೆ.

ಹಂತ 9: ಸ್ವಾಧೀನ ಕೈಬಿಡಬೇಡಿ

ಬೆಂಗಳೂರಿನಲ್ಲೋ ದುಬೈನಲ್ಲೋ ಇದ್ದುಕೊಂಡು ಊರಿನ ಜಮೀನಿನ ಕಡೆ ತಲೆಹಾಕದವರಿಗೆ ಇದು ಮುಖ್ಯ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಇನ್ನೊಬ್ಬರು ನಿಮ್ಮ ಒಡೆತನಕ್ಕೆ ವಿರುದ್ಧವಾಗಿ, ಬಹಿರಂಗವಾಗಿ, ಸತತ 12 ವರ್ಷ ಸ್ವಾಧೀನದಲ್ಲಿದ್ದರೆ ನಿಮ್ಮ ಹಕ್ಕೇ ಹೋಗಬಹುದು. ನಿಮ್ಮ ಅನುಮತಿಯಿಂದ ನೋಡಿಕೊಳ್ಳುತ್ತಿರುವವರಿಗೆ ಇದು ಅನ್ವಯಿಸುವುದಿಲ್ಲ. ಹಾಗಾಗಿ ಆ ಅನುಮತಿಯನ್ನು ಬರಹದಲ್ಲಿ ಇಡಿ. ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ಭೂಸುಧಾರಣಾ ಕಾಯ್ದೆ ಬಹುತೇಕ ನಿಷೇಧಿಸಿದೆ. ಹಾಗಾಗಿ ಈ ಪತ್ರವನ್ನು ಸ್ವಂತವಾಗಿ ಗೀಚದೆ ವಕೀಲರಿಂದಲೇ ಬರೆಸಿ. ವರ್ಷಕ್ಕೊಮ್ಮೆ ಹೋಗಿ ಬೇಲಿ, ಬಾಂದುಕಲ್ಲು (ಗಡಿಕಲ್ಲು) ನೋಡಿ. ಪಹಣಿ ಮತ್ತು ಇ.ಸಿ. ತೆಗೆದು ಹೊಸ ನಮೂದು ಬಂದಿದೆಯೇ ಎಂದು ಪರೀಕ್ಷಿಸಿ.

ದಾಖಲೆಯಲ್ಲಿ ತಪ್ಪಿದ್ದರೆ

ಅಕ್ಷರದೋಷ, ವಿಸ್ತೀರ್ಣದ ತಪ್ಪು ತಹಶೀಲ್ದಾರ್ ಕಚೇರಿಯಲ್ಲಿ ತಿದ್ದುಪಡಿ ಅರ್ಜಿಯಿಂದ ಶುರುವಾಗುತ್ತದೆ. ಮ್ಯುಟೇಷನ್ ಆದೇಶವೇ ತಪ್ಪು ಎನಿಸಿದರೆ ಭೂಕಂದಾಯ ಕಾಯ್ದೆಯ 136(2)ರ ಅಡಿ ಎಸಿ ಮುಂದೆ ಮೇಲ್ಮನವಿ, ಅದರ ಮೇಲೆ 136(3)ರ ಅಡಿ ಡಿಸಿ (ಜಿಲ್ಲಾಧಿಕಾರಿ) ಮುಂದೆ ಪುನರ್‌ಪರಿಶೀಲನೆ. ಆದರೆ ಜಮೀನು ಯಾರದ್ದು ಎಂಬುದೇ ಪ್ರಶ್ನೆಯಾದರೆ ಕಂದಾಯ ಅಧಿಕಾರಿಗಳು ಅದನ್ನು ತೀರ್ಮಾನಿಸುವಂತಿಲ್ಲ. ಅದು ಸಿವಿಲ್ ಕೋರ್ಟಿನ ಕೆಲಸ. ಎಸಿ ಕೋರ್ಟು, ಡಿಸಿ ಕೋರ್ಟು ಎಂದು ವರ್ಷಗಟ್ಟಲೆ ಅಲೆದು, ಕೊನೆಗೆ "ಸಿವಿಲ್ ಕೋರ್ಟಿಗೆ ಹೋಗಿ" ಎನ್ನಿಸಿಕೊಂಡವರು ಬಹಳ. ಆದ್ದರಿಂದ ಮೊದಲ ದಿನವೇ ವಕೀಲರ ಹತ್ತಿರ ಈ ಪ್ರಶ್ನೆ ಕೇಳಿ: ನನ್ನದು ದಾಖಲೆಯ ತಕರಾರೋ, ಹಕ್ಕಿನ ತಕರಾರೋ? ಹೋಗುವಾಗ ಮೂಲಪತ್ರಗಳ ಜೆರಾಕ್ಸ್, ಎಂ.ಆರ್. ನಕಲುಗಳು, ಕೈಬರಹದ ಹಳೆಯ ಪಹಣಿಗಳು, ಇ.ಸಿ., ವಂಶವೃಕ್ಷ, ಸರ್ವೆ ನಕ್ಷೆ ಇವನ್ನು ವರ್ಷದ ಕ್ರಮದಲ್ಲಿ ಜೋಡಿಸಿಕೊಂಡು ಹೋಗಿ. ಮೂಲಪತ್ರಗಳು ಮನೆಯಲ್ಲೇ ಇರಲಿ. ದುಡ್ಡಿನ ತೊಂದರೆ ಇದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತವಾಗಿ ವಕೀಲರ ನೆರವು ಸಿಗುತ್ತದೆ.